ಸೈಲಸ್ ಡೀನ್‌ನ ಪತ್ರವ್ಯವಹಾರ

ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ಅಲ್ಲಿನ ಕಾಂಟಿನೆಂಟಲ್ ಕಾಂಗ್ರೆಸ್ಸು ಫ್ರಾನ್ಸಿಗೆ ಕಳುಹಿಸಿದ ಮೊದಲ ಪ್ರತಿನಿಧಿ ಸೈಲಸ್ ಡೀನ್ (1737-1789). ಈತ ಬರೆದ ಮತ್ತು ಈತನಿಗೆ ಬಂದ ಪತ್ರಗಳು ಆ ಕ್ರಾಂತಿಯ ರಾಜತಾಂತ್ರಿಕ ಇತಿಹಾಸಕ್ಕೆ ಮುಖ್ಯ ಆಕರಗಳಲ್ಲಿ ಒಂದು. ಹೆಂಡತಿಗೆ ಬರೆದ ಮನೆವಾರ್ತೆಯ ಕಾಗದಗಳು, ಅದೃಶ್ಯ ಶಾಯಿಯ ರಹಸ್ಯ ಪತ್ರಗಳು, ತಮ್ಮಂದಿರೊಡನೆ ನಡೆಸಿದ ವ್ಯಾಪಾರದ ಓಲೆಗಳು, ಕಾಂಗ್ರೆಸ್ಸಿಗೆ ಕಳುಹಿಸಿದ ವರದಿಗಳು, ಕಡೆಗೆ ಸ್ವದೇಶದವರಿಂದ ದ್ರೋಹಿ ಎಂಬ ಹೆಸರು ತಂದ 1781ರ ಪತ್ರಗಳು ಇದರಲ್ಲಿ ಸೇರಿವೆ. ಫ್ರಾನ್ಸಿನಿಂದ ಶಸ್ತ್ರಾಸ್ತ್ರ ಸಾಗಿಸಿದವನೂ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದವನೂ ಡೀನ್. ಸಾರ್ವಜನಿಕ ಹಣ ನುಂಗಿದನೆಂಬ ಆರೋಪ ಹೊತ್ತು, ದೇಶವನ್ನು ಮತ್ತೆ ಕಾಣದೆ ಸತ್ತವನೂ ಇವನೇ. ಇವನ ಏಳುಬೀಳುಗಳೆರಡೂ ಪತ್ರಗಳ ಮೂಲಕವೇ ನಡೆದುವು.

ಹಿನ್ನೆಲೆ

ಡೀನ್ ಹುಟ್ಟಿದ್ದು ಕನೆಟಿಕಟ್‌ನ ಗ್ರಾಟನ್‌ನಲ್ಲಿ. ತಂದೆ ಕಮ್ಮಾರ. 1758ರಲ್ಲಿ ಯೇಲ್ ಕಾಲೇಜಿನಿಂದ ಪದವಿ ಪಡೆದು ಕೆಲಕಾಲ ಶಾಲಾ ಮಾಸ್ತರನಾಗಿದ್ದು, ಆಮೇಲೆ ವಕೀಲನಾಗಿ ವೆದರ್ಸ್‌ಫೀಲ್ಡ್ ಪಟ್ಟಣದಲ್ಲಿ ನೆಲಸಿದ. ಮಾಸ್ತರನಾಗಿದ್ದಾಗ ಇವನಲ್ಲಿ ಪಾಠ ಕಲಿತ ಹುಡುಗರಲ್ಲಿ ಎಡ್ವರ್ಡ್ ಬ್ಯಾಂಕ್ರಾಫ್ಟ್ ಒಬ್ಬ; ಡೀನ್‌ನ ಮುಂದಿನ ಬದುಕಿನುದ್ದಕ್ಕೂ ಈ ಹೆಸರು ಬರುತ್ತದೆ. 1763ರಲ್ಲಿ ಮೆಹಿಟಬಲ್ ವೆಬ್ ಎಂಬ ಸಿರಿವಂತ ವಿಧವೆಯನ್ನು ಮದುವೆಯಾಗಿ ಆಕೆಯ ಮೊದಲ ಗಂಡನ ವ್ಯಾಪಾರವನ್ನೂ ಆರು ಮಕ್ಕಳನ್ನೂ ನೋಡಿಕೊಂಡ. ಇವರಿಬ್ಬರಿಗೆ ಜೆಸ್ಸಿ ಎಂಬ ಮಗ ಹುಟ್ಟಿದ. ಮೆಹಿಟಬಲ್ 1767ರಲ್ಲಿ ತೀರಿಕೊಂಡಳು. ಎರಡನೆಯ ಹೆಂಡತಿ ಎಲಿಜಬೆತ್, ಕನೆಟಿಕಟ್‌ನ ಹಿಂದಿನ ಗವರ್ನರ್ ಗರ್ಡನ್ ಸಾಲ್ಟನ್‌ಸ್ಟಾಲ್‌ನ ಮೊಮ್ಮಗಳು. ಕಮ್ಮಾರನ ಮಗ ಹೀಗೆ ವಸಾಹತಿನ ಗಣ್ಯರ ಸಾಲಿಗೆ ಸೇರಿದ. ಹಳೆಯ ಮನೆತನಗಳವರು ಮಾತ್ರ ಇವನನ್ನು ಹಣಕ್ಕಾಗಿ ಮೇಲೇರಿದವನೆಂದೇ ನೋಡಿದರು. ಈ ಗುಮಾನಿ ಮುಂದೆ ಇವನಿಗೆ ದುಬಾರಿಯಾಯಿತು.

ಎಲಿಜಬೆತ್‌ಗೆ ಬರೆದ ಪತ್ರಗಳು, 1774-1776

1774ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ಸಿಗೆ ಕನೆಟಿಕಟ್‌ನಿಂದ ಹೋದ ಮೂವರಲ್ಲಿ ಡೀನ್ ಒಬ್ಬ. ಉಳಿದಿಬ್ಬರು ರಾಜರ್ ಶರ್ಮನ್ ಮತ್ತು ಎಲಿಫಲೆಟ್ ಡೈಯರ್. ಕಾಂಗ್ರೆಸ್ಸಿನ ಕಲಾಪ ಗುಟ್ಟಾಗಿ ನಡೆಯುತ್ತಿತ್ತು, ಅಧಿಕೃತ ದಾಖಲೆಯಲ್ಲಿ ನಿರ್ಣಯಗಳಷ್ಟೇ ಉಳಿದವು. ಅಲ್ಲಿ ಕುಳಿತಿದ್ದ ಮನುಷ್ಯರು ಹೇಗಿದ್ದರು, ಹೇಗೆ ಮಾತಾಡುತ್ತಿದ್ದರು ಎಂಬುದನ್ನು ತಿಳಿಯಲು ಡೀನ್ ಹೆಂಡತಿಗೆ ಬರೆದ ಕಾಗದಗಳು ಬಹಳ ನೆರವಾಗುತ್ತವೆ.

ಈ ಪತ್ರಗಳಲ್ಲಿ ಡೀನ್ ಪ್ರತಿನಿಧಿಗಳನ್ನು ಒಬ್ಬೊಬ್ಬರನ್ನಾಗಿ ಚಿತ್ರಿಸುತ್ತಾನೆ. ಪ್ಯಾಟ್ರಿಕ್ ಹೆನ್ರಿಯಷ್ಟು ಪರಿಪೂರ್ಣ ಮಾತುಗಾರನನ್ನು ತಾನು ಕೇಳಿಯೇ ಇಲ್ಲವೆಂದು ಬರೆಯುತ್ತಾನೆ. ಜಾರ್ಜ್ ವಾಷಿಂಗ್ಟನ್ ಅವನ ಕಣ್ಣಿಗೆ ಬಿಗಿದ ಮುಖದ, ಆದರೂ ಎಳೆಯನಾಗಿ ಕಾಣುವ, ಸೈನಿಕನ ನಿಲುವಿನ ಮನುಷ್ಯ. ಪಾದ್ರಿ ಡ್ಯುಶೆ ಕಾಂಗ್ರೆಸ್ಸಿನಲ್ಲಿ ಮಾಡಿದ ಪ್ರಾರ್ಥನೆಯನ್ನು ಕೇಳಲು ನೂರು ಮೈಲಿ ಕುದುರೆಯ ಮೇಲೆ ಬರಬಹುದೆನ್ನುತ್ತಾನೆ. ಶರ್ಮನ್ ವಿಷಯದಲ್ಲಿ ಮಾತ್ರ ನಾಲಗೆ ಬಿಗಿಹಿಡಿಯುವುದಿಲ್ಲ: ಅವನ ಒರಟು ನಡವಳಿಕೆ, ಸಭೆಗೆ ಒಗ್ಗದ ರೀತಿ, ಭಾನುವಾರ ಪ್ರಯಾಣ ಮಾಡಲೊಪ್ಪದ ಹಟ ಎಲ್ಲವನ್ನೂ ಹೆಂಡತಿಯ ಮುಂದೆ ಆಡಿಕೊಳ್ಳುತ್ತಾನೆ. ಜನರನ್ನು ತಟ್ಟನೆ ಅಳೆಯುವ ಚುರುಕು, ಅಳೆದದ್ದನ್ನು ಮುಚ್ಚಿಡಲಾಗದ ದುಡುಕು, ದೊಡ್ಡವರ ಸಹವಾಸದ ಹಿಗ್ಗು ಈ ಕಾಗದಗಳಲ್ಲಿ ಒಟ್ಟಿಗೇ ಕಾಣುತ್ತವೆ.

1775ರ ಜೂನ್‌ನಲ್ಲಿ ವಾಷಿಂಗ್ಟನ್ ಸೇನಾಪತಿಯಾದಾಗ ಡೀನ್ ಮನೆಗೆ ಬರೆದ ಪತ್ರದಲ್ಲಿ ಆ ಆಯ್ಕೆ ಒಮ್ಮತದ್ದೆಂದೂ ಅವನನ್ನು ಬಲ್ಲಷ್ಟೂ ಗೌರವ ಹೆಚ್ಚುತ್ತದೆಂದೂ ಹೇಳಿದ. ಮಲಮಗ ಸ್ಯಾಮ್ಯುಯಲ್ ವೆಬ್ ಮರುವರ್ಷ ವಾಷಿಂಗ್ಟನ್‌ನ ಆಪ್ತ ಸೇನಾಧಿಕಾರಿಯಾದ. ಆದರೆ ಡೀನ್‌ಗೆ ತವರಿನಲ್ಲಿ ಬೆಂಬಲ ಕುಸಿದಿತ್ತು, ಕನೆಟಿಕಟ್ ವಿಧಾನಸಭೆ ಅವನನ್ನು ಮರುನೇಮಿಸಲಿಲ್ಲ. ಫ್ರಾನ್ಸಿಗೆ ಹೊರಡುವ ಮುನ್ನ, 1776ರ ಮಾರ್ಚ್‌ನಲ್ಲಿ, ಎಲಿಜಬೆತ್‌ಗೆ ಬರೆದ ವಿದಾಯದ ಪತ್ರದಲ್ಲಿ ಯೂರೋಪಿನ ದೊಡ್ಡ ರಂಗಕ್ಕೆ ಕಾಲಿಡುವ ಉತ್ಸಾಹವೂ ಮನೆಯನ್ನು ಬಿಟ್ಟುಹೋಗುವ ಸಂಕಟವೂ ಬೆರೆತಿವೆ. ಗಂಡಹೆಂಡಿರು ಮತ್ತೆ ಸೇರಲಿಲ್ಲ. ಡೀನ್ ಪ್ಯಾರಿಸ್ಸಿನಲ್ಲಿದ್ದಾಗಲೇ, 1777ರ ಜೂನ್‌ನಲ್ಲಿ, ಎಲಿಜಬೆತ್ ತೀರಿಕೊಂಡಳು. ಮರುವರ್ಷ ಬಾಲಕ ಜೆಸ್ಸಿಯನ್ನು ಜಾನ್ ಆಡಮ್ಸ್ ತನ್ನ ಮಗ ಜಾನ್ ಕ್ವಿನ್ಸಿಯೊಡನೆ ಹಡಗಿನಲ್ಲಿ ಫ್ರಾನ್ಸಿಗೆ ಕರೆತಂದ. ಅಷ್ಟರಲ್ಲಿ ತಂದೆ ಪ್ಯಾರಿಸ್ ಬಿಟ್ಟು ಹೊರಟಾಗಿತ್ತು.

ಪ್ಯಾರಿಸ್ಸಿನ ಪತ್ರಗಳು, 1776-1778

ಬೆಂಜಮಿನ್ ಫ್ರಾಂಕ್ಲಿನ್, ರಾಬರ್ಟ್ ಮಾರಿಸ್, ಜಾನ್ ಜೇ ಮೊದಲಾದವರಿದ್ದ ರಹಸ್ಯ ಪತ್ರವ್ಯವಹಾರ ಸಮಿತಿ 1776ರ ಮಾರ್ಚ್ 3ರ ಸೂಚನಾಪತ್ರದೊಡನೆ ಡೀನ್‌ನನ್ನು ಕಳುಹಿಸಿತು. ಅಮೆರಿಕದ ಇಂಡಿಯನ್ ಬುಡಕಟ್ಟುಗಳೊಡನೆ ವ್ಯಾಪಾರಕ್ಕೆ ಸರಕು ಕೊಳ್ಳಲು ಬಂದ ವರ್ತಕನಂತೆ ನಟಿಸಬೇಕು, ಫ್ರಾನ್ಸಿನ ವಿದೇಶಾಂಗ ಮಂತ್ರಿ ವೆರ್ಜೆನ್‌ನನ್ನು ಕಾಣಬೇಕು, 25,000 ಸೈನಿಕರಿಗೆ ಬಟ್ಟೆ ಮತ್ತು ಆಯುಧ ದೊರಕಿಸಬೇಕು ಎಂಬುದು ಕಟ್ಟಪ್ಪಣೆ. ಡೀನ್‌ಗೆ ಫ್ರೆಂಚ್ ಭಾಷೆ ಸರಿಯಾಗಿ ಬರುತ್ತಿರಲಿಲ್ಲ, ರಾಜತಂತ್ರದ ಅನುಭವವೂ ಇರಲಿಲ್ಲ. ಜುಲೈನಲ್ಲಿ ಪ್ಯಾರಿಸ್ ತಲುಪಿದ.

ಜಾನ್ ಜೇಯ ಅಣ್ಣ, ವೈದ್ಯ ಸರ್ ಜೇಮ್ಸ್ ಜೇ, ಒಂದು ಅದೃಶ್ಯ ಶಾಯಿಯನ್ನು ರೂಪಿಸಿದ್ದ. ಬರೆದ ಅಕ್ಷರ ಒಣಗಿದ ಮೇಲೆ ಮಾಯವಾಗುತ್ತಿತ್ತು. ಪಡೆದವನು ಇನ್ನೊಂದು ರಾಸಾಯನಿಕ ದ್ರವವನ್ನು ಸವರಿದರೆ ಮೂಡುತ್ತಿತ್ತು. ಈ ಶಾಯಿಯನ್ನು ಬಳಸಿ ಡೀನ್ ಜಾನ್ ಜೇಗೆ ಬರೆಯುತ್ತಿದ್ದ. ಕಣ್ಣಿಗೆ ಕಾಣುವುದು ವ್ಯಾಪಾರದ ನಾಲ್ಕು ಸಾಲು, ಕೆಳಗೆ ಟಿಮೊಥಿ ಜೋನ್ಸ್ ಎಂಬ ಸುಳ್ಳು ಸಹಿ. ಖಾಲಿ ಜಾಗದಲ್ಲಿ ನಿಜವಾದ ಸುದ್ದಿ. ಮುಂದೆ ಇದೇ ಶಾಯಿ ವಾಷಿಂಗ್ಟನ್‌ನ ಬೇಹುಗಾರರಾದ ಕಲ್ಪರ್ ಬಳಗಕ್ಕೂ ಒದಗಿತು. ಆ ಬಳಗವನ್ನು ನಡೆಸಿದ ಬೆಂಜಮಿನ್ ಟಾಲ್ಮಜ್ ಯುದ್ಧಕ್ಕೆ ಮುಂಚೆ ವೆದರ್ಸ್‌ಫೀಲ್ಡ್‌ನಲ್ಲಿ ಶಾಲಾ ಮಾಸ್ತರನಾಗಿದ್ದವನು, ಡೀನ್‌ಗೆ ಪರಿಚಿತ.

ಅಂಚೆಯ ನಿಧಾನ ಈ ಪತ್ರಗಳ ನಿತ್ಯದ ಗೋಳು. ಹಡಗುಗಳನ್ನು ಬ್ರಿಟಿಷ್ ನೌಕಾಪಡೆ ಹಿಡಿಯುತ್ತಿತ್ತು, ಹಿಡಿಯುವ ಮೊದಲು ಕಪ್ತಾನರು ಕಾಗದಗಳನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಸ್ವಾತಂತ್ರ್ಯ ಘೋಷಣೆಯ ಪ್ರತಿಯನ್ನು ಸಮಿತಿ ಜುಲೈ 8ರಂದೇ ಡೀನ್‌ಗೆ ಕಳುಹಿಸಿತು. ಅದು ದಾರಿಯಲ್ಲಿ ಕಳೆದುಹೋಯಿತು. ಆಗಸ್ಟ್‌ನಲ್ಲಿ ಕಳುಹಿಸಿದ ಎರಡನೆಯ ಪ್ರತಿ ಕೈಸೇರಿದ್ದು ನವೆಂಬರ್‌ನಲ್ಲಿ. ಯೂರೋಪಿನ ಪತ್ರಿಕೆಗಳು ಆ ಸುದ್ದಿಯನ್ನು ಎಂದೋ ಅಚ್ಚುಮಾಡಿದ್ದವು. ತನ್ನ ದೇಶ ಸ್ವತಂತ್ರವಾಯಿತೆಂದು ಫ್ರೆಂಚ್ ಆಸ್ಥಾನಕ್ಕೆ ವಿಧ್ಯುಕ್ತವಾಗಿ ತಿಳಿಸಲು ಆ ದೇಶದ ಪ್ರತಿನಿಧಿಯ ಬಳಿ ತಿಂಗಳುಗಟ್ಟಲೆ ಒಂದು ಕಾಗದವೂ ಇರಲಿಲ್ಲ. ಹಣವಿಲ್ಲ, ಸೂಚನೆಯಿಲ್ಲ, ಉತ್ತರವಿಲ್ಲ ಎಂಬ ಮೊರೆ ಇವನ ವರದಿಗಳಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಮುಂದೆ ಇವನ ಮೇಲೆ ಬಂದ ಆರೋಪಗಳನ್ನು ತೂಗುವವರು ಈ ಒಂಟಿತನವನ್ನು ಮರೆಯಬಾರದು.

ಈ ಪರಿಸ್ಥಿತಿಯಲ್ಲೇ ಡೀನ್ ತನ್ನ ಅತಿ ದೊಡ್ಡ ಕೆಲಸವನ್ನು ಮಾಡಿದ. ನಾಟಕಕಾರ ಬೊಮಾರ್ಷೆ ಫ್ರೆಂಚ್ ಸರ್ಕಾರದ ಗುಪ್ತ ನೆರವಿನಿಂದ ರೊಡ್ರಿಗ್ ಹೊರ್ತಾಲೆಸ್ ಎಂಬ ಹೆಸರಿನ ತೋರಿಕೆಯ ವ್ಯಾಪಾರ ಸಂಸ್ಥೆಯನ್ನು ತೆರೆದಿದ್ದ. ಅದರೊಡನೆ ಡೀನ್ ಮಾಡಿಕೊಂಡ ಒಪ್ಪಂದದಿಂದ ಫಿರಂಗಿ, ಬಂದೂಕು, ಮದ್ದು, ಡೇರೆ, ಬಟ್ಟೆಗಳು ಹಡಗೇರಿದವು. ಆಂಫಿಟ್ರೀಟ್, ಮರ್ಕ್ಯೂರ್ ಹಡಗುಗಳು 1777ರ ವಸಂತದಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ತಲುಪಿದವು. ಆ ಅಕ್ಟೋಬರ್‌ನಲ್ಲಿ ಸಾರಟೋಗದಲ್ಲಿ ಬ್ರಿಟಿಷ್ ಸೇನೆ ಶರಣಾಗಲು ಈ ಸಾಮಗ್ರಿ ಬಹುಮಟ್ಟಿಗೆ ಕಾರಣ.

ಪತ್ರಗಳು ಇವನ ದುಡುಕನ್ನೂ ತೋರಿಸುತ್ತವೆ. ಸೇನಾ ಹುದ್ದೆ ಬೇಡಿ ಬಂದ ಯೂರೋಪಿನ ಅಧಿಕಾರಿಗಳಿಗೆ ಕೇಳಿದಂತೆ ನೇಮಕಪತ್ರ ಬರೆದುಕೊಟ್ಟ. ಹತ್ತೊಂಬತ್ತು ವರ್ಷದ ಲಫಾಯೆಟ್ ಮತ್ತು ಡಿ ಕಾಲ್ಬ್ ಹೀಗೆ ಬಂದವರು. ಫಿರಂಗಿದಳದ ಮುಖ್ಯಸ್ಥನೆಂಬ ಮಾತು ಪಡೆದು ಬಂದ ಡ್ಯು ಕುಡ್ರೆಯೂ ಹೀಗೆಯೇ ಬಂದವನು. ಅವನ ನೇಮಕಕ್ಕೆ ಸಿಟ್ಟಾಗಿ ಜನರಲ್‌ಗಳಾದ ಗ್ರೀನ್, ಸಲಿವನ್, ನಾಕ್ಸ್ ರಾಜೀನಾಮೆಯ ಬೆದರಿಕೆ ಹಾಕಿದರು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ಬೆಂಕಿಯಿಟ್ಟು 1777ರಲ್ಲಿ ಗಲ್ಲಿಗೇರಿದ ಜೇಮ್ಸ್ ಏಟ್ಕನ್ ಅದಕ್ಕೆ ಮುಂಚೆ ಪ್ಯಾರಿಸ್ಸಿನಲ್ಲಿ ಡೀನ್‌ನನ್ನು ಕಂಡು ಪ್ರೋತ್ಸಾಹ ಪಡೆದಿದ್ದ.

1776ರ ಕೊನೆಗೆ ಫ್ರಾಂಕ್ಲಿನ್ ಮತ್ತು ಆರ್ಥರ್ ಲೀ ಸಹ ಪ್ರತಿನಿಧಿಗಳಾಗಿ ಬಂದು ಸೇರಿದರು. 1778ರ ಫೆಬ್ರವರಿ 6ರಂದು ಮೂವರೂ ಫ್ರಾನ್ಸಿನೊಡನೆ ಮೈತ್ರಿ ಮತ್ತು ವಾಣಿಜ್ಯ ಒಪ್ಪಂದಗಳಿಗೆ ಸಹಿ ಹಾಕಿದರು. ಇದರಿಂದ ಹೊತ್ತಿದ ಬ್ರಿಟನ್-ಫ್ರಾನ್ಸ್ ಯುದ್ಧ ನಮ್ಮ ನಾಡಿಗೂ ಬಂತು: ಬ್ರಿಟಿಷರು 1779ರಲ್ಲಿ ಫ್ರೆಂಚರ ಮಾಹೆ ಬಂದರನ್ನು ಹಿಡಿದದ್ದು ಹೈದರಾಲಿಯನ್ನು ಕೆರಳಿಸಿತು, 1780ರ ಎರಡನೆಯ ಮೈಸೂರು ಯುದ್ಧದ ಕಾರಣಗಳಲ್ಲಿ ಅದೂ ಒಂದಾಯಿತು.

ಪತ್ರಗಳನ್ನು ಕದ್ದು ಓದಿದವರು

ಯೂರೋಪಿಗೆ ಬಂದ ಕೂಡಲೇ ಡೀನ್ ನೆರವಿಗೆ ಕರೆಸಿಕೊಂಡದ್ದು ಲಂಡನ್ನಿನಲ್ಲಿದ್ದ ಹಳೆಯ ಶಿಷ್ಯ ಬ್ಯಾಂಕ್ರಾಫ್ಟ್‌ನನ್ನು. ವೈದ್ಯನೂ ಪ್ರಕೃತಿ ವಿಜ್ಞಾನಿಯೂ ಆಗಿದ್ದ ಈತನಿಗೆ ಡೀನ್ ಎಲ್ಲವನ್ನೂ ಹೇಳಿದ, ಎಲ್ಲ ಕಾಗದಗಳನ್ನೂ ತೋರಿಸಿದ. ಬ್ಯಾಂಕ್ರಾಫ್ಟ್ ಅವನ್ನು ಬ್ರಿಟಿಷ್ ಬೇಹುಗಾರಿಕೆಗೆ ಮಾರಿದ. ಪ್ರೇಮಪತ್ರಗಳ ಸಾಲುಗಳ ನಡುವೆ ಅದೃಶ್ಯ ಶಾಯಿಯಲ್ಲಿ ವರದಿ ಬರೆದು, ಬಾಟಲಿಯೊಳಗಿಟ್ಟು, ಮಂಗಳವಾರದ ರಾತ್ರಿಗಳಲ್ಲಿ ಟ್ವಿಲರಿ ಉದ್ಯಾನದ ಒಂದು ಮರದ ಪೊಟರೆಯಲ್ಲಿ ಬಿಡುವುದು ಅವನೊಡನೆ ಆಗಿದ್ದ ಏರ್ಪಾಡು. ಮೈತ್ರಿ ಒಪ್ಪಂದದ ಸುದ್ದಿ ಸಹಿಯಾದ ಎರಡು ದಿನದೊಳಗೆ ಲಂಡನ್ ತಲುಪಿತ್ತು. ಶಾಯಿ, ಸುಳ್ಳು ಹೆಸರುಗಳ ಎಚ್ಚರವೆಲ್ಲ ಹೀಗೆ ಮನೆಯೊಳಗಿನ ಗೆಳೆಯನಿಂದಲೇ ವ್ಯರ್ಥವಾಯಿತು. ಬ್ಯಾಂಕ್ರಾಫ್ಟ್‌ನ ಗುಟ್ಟು ಬಯಲಾದದ್ದು 1889ರಲ್ಲಿ, ಅವನೂ ಡೀನ್‌ನೂ ಸತ್ತು ಎಷ್ಟೋ ಕಾಲದ ಮೇಲೆ.

1777ರ ಶರತ್ಕಾಲದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಪ್ರತಿನಿಧಿಗಳು ತಿಂಗಳುಗಳ ವರದಿಗಳನ್ನು ಕಟ್ಟಿ ಕಪ್ತಾನ್ ಫೋಲ್ಜರ್‌ನ ಕೈಯಲ್ಲಿ ಕಾಂಗ್ರೆಸ್ಸಿಗೆ ಕಳುಹಿಸಿದರು. ಬ್ರಿಟಿಷರಿಗೆ ದುಡಿಯುತ್ತಿದ್ದ ಜೋಸೆಫ್ ಹಿನ್ಸನ್ ಅವನ್ನು ತೆಗೆದುಕೊಂಡು ಆ ಜಾಗದಲ್ಲಿ ಖಾಲಿ ಹಾಳೆಗಳನ್ನಿಟ್ಟ. ಕಾಂಗ್ರೆಸ್ಸು ಕಟ್ಟು ಬಿಚ್ಚಿದಾಗ ಸಿಕ್ಕಿದ್ದು ಬಿಳಿ ಕಾಗದ. ಫ್ರೆಂಚ್ ಸಾಮಗ್ರಿ ದಾನವೋ ಸಾಲವೋ ಎಂಬ ಪ್ರಶ್ನೆ ಎದ್ದಿದ್ದ ಕಾಲದಲ್ಲಿ ಡೀನ್‌ನ ವಿವರಣೆಗಳು ತಲುಪಬೇಕಾದವರಿಗೆ ತಲುಪಲಿಲ್ಲ.

ಮರಳಿ ಕರೆ ಮತ್ತು ಬಹಿರಂಗ ಪತ್ರ

ತಲುಪಿದ್ದು ಆರ್ಥರ್ ಲೀಯ ಪತ್ರಗಳು. ಸಾಮಗ್ರಿಯೆಲ್ಲ ಫ್ರಾನ್ಸಿನ ಉಡುಗೊರೆ, ಡೀನ್ ಮತ್ತು ಬೊಮಾರ್ಷೆ ಸೇರಿ ಅದಕ್ಕೆ ಬೆಲೆ ಕಟ್ಟಿ ಲಾಭ ಹೊಡೆಯುತ್ತಿದ್ದಾರೆ ಎಂಬುದು ಲೀಯ ಆರೋಪ. 1777ರ ನವೆಂಬರ್‌ನಲ್ಲಿ ಕಾಂಗ್ರೆಸ್ಸು ಡೀನ್‌ನನ್ನು ಹಿಂದಕ್ಕೆ ಕರೆಯಿತು. ಬಂದ ಪತ್ರದಲ್ಲಿ ಆರೋಪದ ಸುಳಿವೇ ಇರಲಿಲ್ಲ, ಯೂರೋಪಿನ ಸ್ಥಿತಿಗತಿ ವಿವರಿಸಲು ಬಾ ಎಂದಷ್ಟೇ ಇತ್ತು. ಅದನ್ನು ನಂಬಿ ಡೀನ್ ಲೆಕ್ಕಪತ್ರಗಳನ್ನು ಪ್ಯಾರಿಸ್ಸಿನಲ್ಲೇ ಬಿಟ್ಟು ಹೊರಟ. ಫ್ರಾಂಕ್ಲಿನ್ ಮತ್ತು ವೆರ್ಜೆನ್ ಇವನ ಸೇವೆಯನ್ನು ಮೆಚ್ಚಿ ಪತ್ರ ಕೊಟ್ಟರು. ದೊರೆ ಹದಿನಾರನೆಯ ಲೂಯಿ ವಜ್ರ ಕೂರಿಸಿದ ಭಾವಚಿತ್ರದ ಪೆಟ್ಟಿಗೆಯನ್ನಿತ್ತ.

1778ರ ಜುಲೈನಲ್ಲಿ ಬಂದಿಳಿದವನನ್ನು ಕಾಂಗ್ರೆಸ್ಸು ಒಮ್ಮೆ ಕೇಳಿ ಆಮೇಲೆ ಕಾಯಿಸಿತು. ವಿಚಾರಣೆ ನಡೆಸಿರೆಂದು ಇವನು ಬರೆದ ಮನವಿಗಳು ಮೂಲೆಗೆ ಬಿದ್ದವು. ತಾಳ್ಮೆಗೆಟ್ಟ ಡೀನ್ ಡಿಸೆಂಬರ್ 5ರಂದು ಪೆನ್ಸಿಲ್ವೇನಿಯ ಪ್ಯಾಕೆಟ್ ಪತ್ರಿಕೆಯಲ್ಲಿ ಅಮೆರಿಕದ ನಾಗರಿಕರಿಗೆ ಬಹಿರಂಗ ಪತ್ರ ಬರೆದು ಆರ್ಥರ್ ಲೀ ಮತ್ತು ಅವನ ಸೋದರರ ಮೇಲೂ ಕಾಂಗ್ರೆಸ್ಸಿನ ಮೇಲೂ ಹರಿಹಾಯ್ದ. ಕಾಂಗ್ರೆಸ್ಸು ಎರಡು ಬಣವಾಯಿತು. ಅಧ್ಯಕ್ಷ ಹೆನ್ರಿ ಲಾರೆನ್ಸ್ ರಾಜೀನಾಮೆಯಿತ್ತ, ಜಾನ್ ಜೇ ಆ ಸ್ಥಾನಕ್ಕೆ ಬಂದ. ಡೀನ್‌ಗೆ ಉತ್ತರ ಬರೆಯಹೋದ ಥಾಮಸ್ ಪೇನ್, ಮೈತ್ರಿಗೆ ಮುಂಚೆಯೇ ಫ್ರಾನ್ಸ್ ನೆರವಿತ್ತಿತ್ತೆಂಬ ಗುಟ್ಟನ್ನು ಹೊರಹಾಕಿ, ಫ್ರೆಂಚ್ ರಾಯಭಾರಿಯ ಪ್ರತಿಭಟನೆಯ ಮೇಲೆ 1779ರ ಜನವರಿಯಲ್ಲಿ ಹುದ್ದೆ ಬಿಡಬೇಕಾಯಿತು. ಡೀನ್ ತಪ್ಪಿತಸ್ಥನೆಂದೂ ತೀರ್ಪಾಗಲಿಲ್ಲ, ನಿರ್ದೋಷಿಯೆಂದೂ ಆಗಲಿಲ್ಲ. 1780ರಲ್ಲಿ ಲೆಕ್ಕ ತೀರಿಸಲು ತನ್ನ ಖರ್ಚಿನಲ್ಲಿ ಫ್ರಾನ್ಸಿಗೆ ಹಿಂದಿರುಗಿದ.

1781ರ ಪತ್ರಗಳು

ಡೀನ್‌ನ ಹೆಸರಿಗೆ ಮಾಯದ ಕಲೆ ಹಚ್ಚಿದ್ದು 1781ರ ಮೇ-ಜೂನ್‌ನಲ್ಲಿ ಪ್ಯಾರಿಸ್ಸಿನಿಂದ ತಮ್ಮಂದಿರಿಗೂ ಅಮೆರಿಕದ ಗೆಳೆಯರಿಗೂ ಬರೆದ ಪತ್ರಗಳು. ಪಡೆಯಬೇಕಾಗಿದ್ದವರಲ್ಲಿ ರಾಬರ್ಟ್ ಮಾರಿಸ್, ಜೆರಮಾಯ ವಾಡ್ಸ್‌ವರ್ತ್, ಟಾಲ್ಮಜ್ ಇದ್ದರು. ಯುದ್ಧ ಗೆಲ್ಲುವಂತಿಲ್ಲ, ನಾಣ್ಯ ಕುಸಿದಿದೆ, ಸ್ವಾತಂತ್ರ್ಯ ಬಂದರೂ ದೇಶ ಫ್ರಾನ್ಸಿನ ಹಂಗಿಗೆ ಬೀಳುತ್ತದೆ, ಬ್ರಿಟನ್ನಿನೊಡನೆ ರಾಜಿಯಾಗುವುದೇ ಲೇಸು ಎಂಬುದು ಇವುಗಳ ತಿರುಳು.

ಪತ್ರಗಳು ಬ್ರಿಟಿಷರ ಕೈ ಸೇರಿದವು. ಅವರ ವಶದಲ್ಲಿದ್ದ ನ್ಯೂಯಾರ್ಕಿನಲ್ಲಿ ಜೇಮ್ಸ್ ರಿವಿಂಗ್ಟನ್ ತನ್ನ ರಾಯಲ್ ಗೆಜೆಟ್‌ನಲ್ಲಿ ಅಕ್ಟೋಬರ್‌ನಿಂದ ಅವನ್ನು ಅಚ್ಚುಮಾಡಿದ; 1782ರಲ್ಲಿ ‘ಪ್ಯಾರಿಸ್ ಪೇಪರ್ಸ್’ ಎಂಬ ಪುಸ್ತಕವಾಗಿಯೂ ತಂದ. ಅಕ್ಟೋಬರ್ 19ರಂದೇ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಶರಣಾಗಿದ್ದ. ದೇಶ ಗೆಲುವಿನ ಸಂಭ್ರಮದಲ್ಲಿದ್ದ ವಾರಗಳಲ್ಲೇ ಸೋಲಿನ ಭವಿಷ್ಯ ನುಡಿದ ಈ ಪತ್ರಗಳನ್ನು ಜನ ಓದಿದರು. ಕಾಂಗ್ರೆಸ್ಸಿಗಾಗಿ ಕಟ್ಟಿದ ಡೀನ್ ಎಂಬ ಯುದ್ಧನೌಕೆಯ ಹೆಸರನ್ನು 1782ರಲ್ಲಿ ಹೇಗ್ ಎಂದು ಬದಲಿಸಲಾಯಿತು.

ಇವು ದಾರಿಯಲ್ಲಿ ಸಿಕ್ಕಿಬಿದ್ದವೋ, ಸಿಕ್ಕಲೆಂದೇ ಬರೆದವೋ ಎಂಬುದು ಡೀನ್ ಕುರಿತ ಚರ್ಚೆಯ ಕೇಂದ್ರ. ದೊರೆ ಮೂರನೆಯ ಜಾರ್ಜ್ ಪ್ರಧಾನಿ ನಾರ್ತ್‌ಗೆ ಬರೆದ ಪತ್ರಗಳು 1867ರಲ್ಲಿ ಪ್ರಕಟವಾದಾಗ, ಡೀನ್‌ಗೆ ಪ್ರತಿಫಲ ಕೊಡುವ ಮಾತು ಬ್ರಿಟಿಷ್ ಸರ್ಕಾರದಲ್ಲಿ ನಡೆದಿತ್ತೆಂಬುದು ತಿಳಿದುಬಂತು. ಪತ್ರಗಳು ಬ್ರಿಟನ್ನಿನೊಡನೆ ಸಮಾಲೋಚಿಸಿ ಬರೆದಂತೆ ತೋರುವುದರಿಂದ ಪರಿಣಾಮ ಬೀರಲಾರವೆಂದು ದೊರೆಯೇ ಸಂಶಯಪಟ್ಟಿದ್ದ. ಹಣ ನಿಜವಾಗಿ ಡೀನ್‌ನ ಕೈ ಸೇರಿತೆಂಬುದಕ್ಕೆ ಒಪ್ಪತಕ್ಕ ಪುರಾವೆ ದೊರೆತಿಲ್ಲ. ಹತಾಶನ ಪ್ರಾಮಾಣಿಕ ಅಭಿಪ್ರಾಯಗಳಿವು ಎಂದು ಕೆಲವರೂ ಕೊಂಡುಕೊಂಡ ಲೇಖನಿಯ ಮಾತು ಎಂದು ಕೆಲವರೂ ವಾದಿಸಿದ್ದಾರೆ.

ಗೆಂಟ್ ಮತ್ತು ಲಂಡನ್, 1781-1789

ಫ್ರಾನ್ಸಿನಲ್ಲಿ ಇರಲಾಗದೆ ಡೀನ್ ಗೆಂಟ್ ನಗರಕ್ಕೂ 1783ರಲ್ಲಿ ಲಂಡನ್ನಿಗೂ ಹೋದ. ಈ ಕಾಲದ ಪತ್ರಗಳು ಬಡತನ, ಕಾಯಿಲೆ, ಸಮರ್ಥನೆಗಳಿಂದ ತುಂಬಿವೆ. ಡೀನ್ ಮನಸ್ಸಿನಲ್ಲೂ ಸ್ಥಿತಿಯಲ್ಲೂ ನೊಂದು ಹಲುಬುತ್ತಿದ್ದಾನೆ, ಕಡೆಗೆ ಇಂಗ್ಲೆಂಡಿಗೆ ಹೋಗಿ ದ್ರೋಹಿ ಬೆನೆಡಿಕ್ಟ್ ಆರ್ನಲ್ಡ್‌ನನ್ನೇ ಸೇರಿಯಾನು ಎಂದು ಫ್ರಾಂಕ್ಲಿನ್ 1782ರಲ್ಲಿ ಬರೆದ. ಲಂಡನ್ನಿನಲ್ಲಿ ಆರ್ನಲ್ಡ್ ಇವನನ್ನು ಭೇಟಿಯಾದದ್ದೂ ಆಯಿತು. ಅದನ್ನು ಕೇಳಿದ ಜೇ 1784ರಲ್ಲಿ, ಗೆಳೆತನಕ್ಕಿಂತ ದೇಶವೂ ಮಾನವೂ ದೊಡ್ಡವು, ಕಳಂಕ ತೊಳೆದುಕೊಳ್ಳುವವರೆಗೆ ನಿನ್ನನ್ನು ಕಾಣಲಾರೆ ಎಂಬರ್ಥದ ಪತ್ರ ಬರೆದ. ಟಿಮೊಥಿ ಜೋನ್ಸ್‌ನ ಕಾಗದಗಳನ್ನು ಒಮ್ಮೆ ಕಾತರದಿಂದ ಕಾಯುತ್ತಿದ್ದವನ ಈ ಉತ್ತರ ಇಡೀ ಸಂಗ್ರಹದಲ್ಲೇ ಮನ ಕಲಕುವಂಥದು.

ಅದೇ ವರ್ಷ ಡೀನ್ ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಒಂದು ಬಿನ್ನಹವನ್ನು ಲಂಡನ್ನಿನಲ್ಲಿ ಪ್ರಕಟಿಸಿ ತನ್ನ ಪರ ವಾದಿಸಿದ. ಷಾಂಪ್ಲೇನ್ ಸರೋವರವನ್ನು ಸೇಂಟ್ ಲಾರೆನ್ಸ್ ನದಿಗೆ ಜೋಡಿಸುವ ಕಾಲುವೆ ಕೊನೆಯ ವರ್ಷಗಳ ಅವನ ಕನಸು. 1789ರ ಸೆಪ್ಟೆಂಬರ್ 23ರಂದು ಅಮೆರಿಕದತ್ತ ಹೊರಟ ಬಾಸ್ಟನ್ ಪ್ಯಾಕೆಟ್ ಹಡಗಿನಲ್ಲಿ, ಇಂಗ್ಲೆಂಡಿನ ಕರಾವಳಿ ಇನ್ನೂ ಕಾಣುತ್ತಿದ್ದಾಗಲೇ, ಹಠಾತ್ತಾಗಿ ಅಸ್ವಸ್ಥನಾಗಿ ಸತ್ತ. ದೇಹವನ್ನು ಕೆಂಟ್‌ನ ಡೀಲ್ ಪಟ್ಟಣದಲ್ಲಿ ಹೂಳಲಾಯಿತು. ಬ್ಯಾಂಕ್ರಾಫ್ಟ್ ಇವನಿಗೆ ವಿಷವಿಕ್ಕಿರಬಹುದೆಂದು ಇತಿಹಾಸಕಾರ ಜೂಲಿಯನ್ ಬಾಯ್ಡ್ 1959ರಲ್ಲಿ ಊಹಿಸಿದ. ಬ್ಯಾಂಕ್ರಾಫ್ಟ್ ದಕ್ಷಿಣ ಅಮೆರಿಕದ ವಿಷಗಳ ಬಗ್ಗೆ ಬರೆದ ಪಂಡಿತನಾಗಿದ್ದುದು ಆ ಊಹೆಗೆ ಒಂದು ಆಧಾರ. ನಂತರದ ವಿದ್ವಾಂಸರು ರೋಗಲಕ್ಷಣಗಳನ್ನು ಪರಿಶೀಲಿಸಿ ಇದನ್ನು ಬಹುಮಟ್ಟಿಗೆ ತಳ್ಳಿಹಾಕಿದ್ದಾರೆ.

ಹಸ್ತಪ್ರತಿಗಳೂ ಮುದ್ರಣವೂ

ಡೀನ್ ಬದುಕಿದ್ದಾಗಲೇ ಅವನ ಕಾಗದಗಳು ಚೆದುರಿದವು. ಅವನ ಬಳಿಯಿಂದ ಕಳುವಾದ ಪತ್ರಪುಸ್ತಕ ಮತ್ತು ಲೆಕ್ಕದ ಪುಸ್ತಕವನ್ನು ಒಬ್ಬ ಫ್ರೆಂಚ್ ವ್ಯಕ್ತಿ 1788ರಲ್ಲಿ ಪ್ಯಾರಿಸ್ಸಿನಲ್ಲಿ ಮಾರಾಟಕ್ಕೆ ತಂದಾಗ, ಅಲ್ಲಿ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ಶತ್ರುಗಳ ಕೈಗೆ ಬೀಳದಿರಲೆಂದು ಅವನ್ನು ಕೊಳ್ಳಲು ಮುಂದಾದ.

ಜಾರೆಡ್ ಸ್ಪಾರ್ಕ್ಸ್ 1829-30ರಲ್ಲಿ ಹೊರತಂದ ಕ್ರಾಂತಿಕಾಲದ ರಾಜತಾಂತ್ರಿಕ ಪತ್ರಗಳ ಸಂಪುಟಗಳು ಡೀನ್‌ನ ವರದಿಗಳಿಂದಲೇ ತೊಡಗುತ್ತವೆ. ಹೆಂಡತಿಗೆ ಬರೆದ ಕಾಗದಗಳನ್ನು ಒಳಗೊಂಡ 1774-76ರ ಪತ್ರಗಳನ್ನು ಕನೆಟಿಕಟ್ ಇತಿಹಾಸ ಸಂಘ 1870ರಲ್ಲಿ ಪ್ರಕಟಿಸಿತು. ಚಾರ್ಲ್ಸ್ ಐಶಮ್ ಸಂಪಾದಿಸಿದ ಐದು ಸಂಪುಟಗಳ ‘ದಿ ಡೀನ್ ಪೇಪರ್ಸ್’ ನ್ಯೂಯಾರ್ಕ್ ಇತಿಹಾಸ ಸಂಘದಿಂದ 1887ರಿಂದ ಹೊರಬಂತು. ಇಂದಿಗೂ ಅಧ್ಯಯನದ ತಳಹದಿ ಇದೇ. ತಮ್ಮಂದಿರಾದ ಬಾರ್ನಬಸ್, ಸಿಮಿಯನ್ ಮತ್ತು ವ್ಯಾಪಾರದ ಜೊತೆಗಾರರೊಡನೆ 1771ರಿಂದ 1795ರವರೆಗೆ ನಡೆದ ಪತ್ರವ್ಯವಹಾರವನ್ನು ಕನೆಟಿಕಟ್ ಸಂಘ 1930ರಲ್ಲಿ ಇನ್ನೊಂದು ಸಂಪುಟವಾಗಿ ತಂದಿತು. ಯೂರೋಪಿನ ಭಂಡಾರಗಳಲ್ಲಿದ್ದ ಬ್ರಿಟಿಷ್ ಬೇಹುಗಾರರ ಪತ್ರಗಳನ್ನು ಬಿ. ಎಫ್. ಸ್ಟೀವನ್ಸ್ 1889ರಿಂದ 25 ಸಂಪುಟಗಳಲ್ಲಿ ಪಡಿಯಚ್ಚಾಗಿ ಮುದ್ರಿಸಿದ. ವೆದರ್ಸ್‌ಫೀಲ್ಡ್‌ನ ಡೀನ್ ಮನೆ ಈಗ ವಸ್ತುಸಂಗ್ರಹಾಲಯ.

ಮೌಲ್ಯಮಾಪನ

ಈ ಪತ್ರಗಳನ್ನು ಓದುವವರು ಪ್ರತಿಯೊಂದು ಕಾಗದ ಯಾರ ಯಾರ ಕೈದಾಟಿ ಬಂತೆಂದು ಕೇಳಿಕೊಳ್ಳಬೇಕು. ಎಲಿಜಬೆತ್‌ಗೆ ಬರೆದವು ಒಬ್ಬಳಿಗಾಗಿ ಬರೆದವು. ಅಲ್ಲಿನ ಮಾತು ಮುಚ್ಚುಮರೆಯಿಲ್ಲದ್ದು. ಪ್ಯಾರಿಸ್ಸಿನವನ್ನು ಬ್ಯಾಂಕ್ರಾಫ್ಟ್ ಕಂಡಿದ್ದಾನೆ. 1781ರವು ಯಾರ ಕಣ್ಣಿಗಾಗಿ ಬರೆದವೆಂಬುದೇ ವಿವಾದ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದರಿಂದ ಡೀನ್ ಬಗ್ಗೆ ಬಂದ ತೀರ್ಪುಗಳು ಒಂದೋ ದ್ರೋಹಿಯತ್ತ, ಇಲ್ಲವೇ ಹುತಾತ್ಮನತ್ತ ವಾಲಿದವು.

ದಾಖಲೆಗಳು ಹೇಳುವುದು ಇವೆರಡರ ನಡುವಿನ ಮಾತು. ಸರ್ಕಾರದ ಕೆಲಸವನ್ನೂ ಸ್ವಂತ ವ್ಯಾಪಾರವನ್ನೂ ಡೀನ್ ಬೆರೆಸಿದ್ದು ನಿಜ, ಬ್ಯಾಂಕ್ರಾಫ್ಟ್‌ನ ಜೊತೆ ಲಂಡನ್ ಷೇರುಪೇಟೆಯ ಸಟ್ಟಾಕ್ಕೆ ಕೈಹಾಕಿದ್ದೂ ನಿಜ. ಅಂದಿನ ವರ್ತಕ ರಾಜಕಾರಣಿಗಳಲ್ಲಿ ಇದು ಅಪರೂಪವಲ್ಲ. ಹಾಗೆಂದು ಒಪ್ಪತಕ್ಕದ್ದೂ ಅಲ್ಲ. 1781ರ ಪತ್ರಗಳು ಹೇಗೆ ನೋಡಿದರೂ ದೊಡ್ಡ ತಪ್ಪು. ಆದರೆ ಕಾಂಗ್ರೆಸ್ಸಿನ ಹಣವನ್ನು ಕದ್ದನೆಂಬ ಮೂಲ ಆರೋಪ ಎಂದೂ ರುಜುವಾತಾಗಲಿಲ್ಲ, ಅವನು ತರಿಸಿದ ಆಯುಧಗಳಿಲ್ಲದೆ ಸಾರಟೋಗದ ಗೆಲುವನ್ನು ಊಹಿಸುವುದು ಕಷ್ಟ. ಬೊಮಾರ್ಷೆಯ ವಾರಸುದಾರರಿಗೆ ಅಮೆರಿಕ ಸರ್ಕಾರ 1835ರಲ್ಲಿ 8,00,000 ಫ್ರಾಂಕ್ ಕೊಟ್ಟು ಲೆಕ್ಕ ಮುಗಿಸಿತು. ಡೀನ್‌ನ ಲೆಕ್ಕ ಇನ್ನೂ ತಡವಾಯಿತು. ಆರ್ಥರ್ ಲೀ ಹಿಂದೆ ಮಾಡಿದ ಪರಿಶೋಧನೆ ಏಕಪಕ್ಷೀಯ, ತಪ್ಪು ಮತ್ತು ಘೋರ ಅನ್ಯಾಯವೆಂದು ಒಪ್ಪಿಕೊಂಡ ಅಮೆರಿಕದ ಕಾಂಗ್ರೆಸ್ಸು, ಅವನು ಸತ್ತ 53 ವರ್ಷಗಳ ಮೇಲೆ, 1842ರಲ್ಲಿ ಅವನ ವಾರಸುದಾರರಿಗೆ 37,000 ಡಾಲರ್ ಸಲ್ಲಿಸಿತು.